ಒಂಬತ್ತನೇ ಜಾಗದ ಬೆಂಕಿ

ಹನ್ನುಲಾ ಸರೋವರದ ಕ್ಯಾಂಪಿನಲ್ಲಿ ಬೆಳಗಾಯಿತೆಂದು ಮೊದಲು ಸಾರುವುದು ಐಲಿಯ ಬಕೆಟ್ಟು. ಆರು ಗಂಟೆಗೆ ಸರಿಯಾಗಿ ಅವಳ ಮೂರು ಚಕ್ರದ ಸೈಕಲ್ಲು ಜಲ್ಲಿ ದಾರಿಯಲ್ಲಿ ಕರಕರ ಎನ್ನುತ್ತ ಹೊರಡುತ್ತದೆ. ಹಿಂದಿನ ಬುಟ್ಟಿಯಲ್ಲಿ ನೀರು ತುಂಬಿದ ಬಕೆಟ್ಟು, ಒಂದು ಸಲಿಕೆ, ಒಂದು ಪೊರಕೆ. ಮರಗಳ ನಡುವೆ ಇಪ್ಪತ್ತಾರು ಡೇರೆ ಜಾಗಗಳು, ಒಂದೊಂದಕ್ಕೂ ಒಂದು ಬೆಂಕಿಗುಂಡಿ. ಪ್ರತಿ ಗುಂಡಿಯ ಮುಂದೂ ಇಳಿದು, ಬೂದಿಗೆ ನೀರು ಹೊಯ್ದು, ಸಲಿಕೆಯಲ್ಲಿ ಕಲಸಿ, ಆಮೇಲೆ ಕೈ ಮಗುಚಿ ಹಿಂಗೈಯನ್ನು ಬೂದಿಯ ಮೇಲಿಟ್ಟು ನೋಡುತ್ತಾಳೆ. ಬಿಸಿ ತಾಗಿದರೆ ಇನ್ನಷ್ಟು ನೀರು, ಮತ್ತೆ ಕಲಸುವುದು. ಆರಿದೆ ಅಂತ ಕಣ್ಣು ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ ಅನ್ನುವುದು ಅವಳ ಮಾತು.

ಐಲಿ ಹೆಕ್ಕಿನೆನ್‌ಗೆ ಎಪ್ಪತ್ತೊಂದು ವರ್ಷ. ಗಿಡ್ಡನೆಯ ಆಳು, ಗಟ್ಟಿ ಮೂಳೆ. ಮೇ ತಿಂಗಳ ಕರಿನೊಣಗಳು ಕಚ್ಚಿದರೆ ಅವುಗಳ ಹಲ್ಲೇ ಉದುರಬೇಕು, ಅಂಥ ಚರ್ಮ. ಕ್ಯಾಂಪಿನ ಉಸ್ತುವಾರಿ ಎಂಬ ಈ ಕೆಲಸಕ್ಕೆ ಸಂಬಳವಿಲ್ಲ. ಬೇಸಿಗೆ ಮುಗಿಯುವ ತನಕ ಬಾಗಿಲ ಬಳಿಯ ಒಂದನೇ ಜಾಗದಲ್ಲಿ ತನ್ನ ಹಳೇ ಟ್ರೈಲರ್ ಮನೆ ನಿಲ್ಲಿಸಿಕೊಂಡು ಇರಬಹುದು, ಅಷ್ಟೇ. ಅಷ್ಟಕ್ಕೇ ಅವಳು ಹದಿನಾಲ್ಕು ಬೇಸಿಗೆ ಕಕ್ಕಸು ತೊಳೆದಿದ್ದಾಳೆ, ಕಳೆದುಹೋದ ಮಕ್ಕಳನ್ನು ಹುಡುಕಿ ತಂದಿದ್ದಾಳೆ, ತಿಂಡಿ ಹೊರಗೆ ಬಿಟ್ಟು ಮಲಗಿದವರ ಡೇರೆಯಿಂದ ಕರಡಿಯನ್ನು ಪಾತ್ರೆ ಬಡಿದು ಓಡಿಸಿದ್ದಾಳೆ. ತಿಂಗಳ ಸಂಬಳ ಎಣಿಸುವವರು ಇದರಲ್ಲಿ ಅರ್ಧ ಮಾಡಿದ್ದರೆ ಈ ಮಿಶಿಗನ್ ರಾಜ್ಯ ಎಲ್ಲೋ ಇರುತ್ತಿತ್ತು. ಹೋಗಲಿ, ನಾನ್ಯಾಕೆ ಬಾಯಿ ಕೆಡಿಸಿಕೊಳ್ಳಲಿ.

ಎರಡು ವಿಷಯಗಳಲ್ಲಿ ಮಾತ್ರ ಐಲಿ ಜಗ್ಗುವ ಪೈಕಿ ಅಲ್ಲ. ಮೊದಲನೆಯದು ಸೌದೆ. ಹೊರಗಿನ ಒಂದು ಕಡ್ಡಿ ಸೌದೆಯೂ ಕ್ಯಾಂಪಿನ ಒಳಗೆ ಬರಕೂಡದು. ತಂದವರಿಂದ ಕಸಿದುಕೊಂಡು, ಬದಲಿಗೆ ಇಲ್ಲೇ ಕಡಿದ ಮೇಪಲ್ ಸೌದೆ ಅಷ್ಟೇ ಕೊಟ್ಟು ಕಳಿಸುತ್ತಾಳೆ. ಕಾರಣ ಎಲ್ಲರಿಗೂ ಗೊತ್ತು. ಉತ್ತರದ ದಡದ ಜೌಗಿನಲ್ಲಿ ಇನ್ನೂರಕ್ಕೂ ಮಿಕ್ಕಿ ಆ್ಯಶ್ ಮರಗಳಿವೆ. ಕ್ಯಾಂಪಿನ ಅರ್ಧ ನೆರಳು ಅವುಗಳದೇ. ಪಕ್ಕದ ಒಜಿಬ್ವೆ ಬುಡಕಟ್ಟಿನ ಹಾಡಿಯ ಬುಟ್ಟಿ ಹೆಣೆಯುವವರು ಚಳಿಗಾಲಕ್ಕೊಮ್ಮೆ ಬಂದು, ಮರಕ್ಕೆ ಹೊಗೆಸೊಪ್ಪು ಇಟ್ಟು ಕೈಮುಗಿದು, ಒಂದೇ ಒಂದನ್ನು ಕಡಿದು ಒಯ್ಯುತ್ತಾರೆ. ದಕ್ಷಿಣದ ಊರುಗಳಲ್ಲಿ ಹಸಿರು ಜೀರುಂಡೆ ಹೊಕ್ಕು ಆ್ಯಶ್ ಮರದ ಸಂತತಿಯನ್ನೇ ತಿಂದುಹಾಕಿದೆ. ತೊಗಟೆಯಡಿ ಅಡಗಿದ ಆ ಹುಳ ತಾನಾಗಿ ಹಾರಿ ಬರಬೇಕಾದರೆ ಎಷ್ಟೋ ವರ್ಷ ಬೇಕು. ಸೌದೆಯ ಜೊತೆ ಕಾರಿನಲ್ಲಿ ಕೂತರೆ ಒಂದೇ ಹಗಲು ಸಾಕು.

ಎರಡನೆಯದು, ಅವಳು ಯಾರ ಬೆಂಕಿಯ ಮುಂದೂ ಕೂರುವುದಿಲ್ಲ. ಈ ಕಡೆ ಒಬ್ಬರ ಬೆಂಕಿಗೆ ಇನ್ನೊಬ್ಬರು ಹೋಗುವಾಗ ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಹೋಗುವುದು ಪದ್ಧತಿ. ಐಲಿಯ ಹತ್ತಿರ ಅಂಥ ಕುರ್ಚಿಯೇ ಇಲ್ಲ. ಬರುತ್ತಾಳೆ, ಕೈ ಕಟ್ಟಿ ನಿಲ್ಲುತ್ತಾಳೆ, ಒಂದು ಜೋಕಿಗೆ ನಗುತ್ತಾಳೆ, ಹೊರಡುತ್ತಾಳೆ. ಕೂರು ಎಂದು ಕರೆದೂ ಕರೆದೂ ಜನರಿಗೇ ಸಾಕಾಗಿತ್ತು.

ಈ ವರ್ಷ ಮೇ ಕೊನೆಯ ರಜೆಗೆ ಕ್ಯಾಂಪು ತೆರೆದ ಶುಕ್ರವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಲೆನ್ ಪವ್ಲಾಕ್‌ನ ಪಿಕಪ್ ಗಾಡಿ ಟ್ರೈಲರ್ ಎಳೆದುಕೊಂಡು ಬಂತು. ಪವ್ಲಾಕ್ ಮನೆಯವರು ದಕ್ಷಿಣದ ಕಾರ್ಖಾನೆ ಊರಿನವರು. ಮೂವತ್ತು ವರ್ಷಗಳಿಂದ ಅದೇ ಹತ್ತು ದಿನ, ಅದೇ ಒಂಬತ್ತನೇ ಜಾಗ. ಈ ಸಲ ಮನೆಯ ಯಜಮಾನ ಸ್ಟ್ಯಾನ್ ಇರಲಿಲ್ಲ, ಜನವರಿಯಲ್ಲಿ ತೀರಿಕೊಂಡಿದ್ದ. ಮಗ ಲೆನ್ ಗಾಡಿ ಓಡಿಸುತ್ತಿದ್ದ, ತಾಯಿ ಬರ್ನಿಸ್ ಪಕ್ಕದಲ್ಲಿ ಕೂತಿದ್ದಳು. ಐಲಿ ಅವಳ ಕೈ ಹಿಡಿದು ಎರಡು ಒಳ್ಳೆಯ ಮಾತಾಡಿದಳು. ಆಮೇಲೆ ಐಲಿಯ ಮೂಗು ಅರಳಿತು.

"ಲೆನ್, ಹಿಂದುಗಡೆ ಏನಿದೆ?"

"ಕುರ್ಚಿ, ಕಂಬಳಿ, ಅಮ್ಮನ ಮಾತ್ರೆ ಡಬ್ಬ. ಇನ್ನೇನಿರತ್ತೆ?"

"ಕಂಬಳಿಗೆ ತೊಗಟೆ ವಾಸನೆ ಯಾವಾಗಿಂದ ಬಂತಪ್ಪ?"

ಲೆನ್, ಐವತ್ತೆರಡು ವರ್ಷದ ಗಂಡಸು, ನಲ್ಲಿ ರಿಪೇರಿಯಲ್ಲಿ ಊರಿಗೇ ಹೆಸರಾದವನು, ಪೆನ್ಸಿಲು ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ಅಮ್ಮನ ಮುಖ ನೋಡಿದ.

"ತೋರಿಸ್ಬಿಡೋ," ಎಂದಳು ಬರ್ನಿಸ್. "ಆ ಮುದುಕೀದು ನಾಯಿ ಮೂಗು ಅಂತ ನಿಮ್ಮಪ್ಪ ಯಾವಾಗ್ಲೂ ಹೇಳ್ತಿದ್ದ."

"ಯಾರೇ ಮುದುಕಿ? ನನಗಿಂತ ಒಂಬತ್ತು ವರ್ಷ ದೊಡ್ಡೋಳು ನೀನು."

ಕಂಬಳಿ ಸರಿಸಿದರೆ ಅಡಿಯಲ್ಲಿ ಸೌದೆ, ನಲವತ್ತು ಸೀಳಾದರೂ ಇತ್ತು, ಒಪ್ಪವಾಗಿ ಜೋಡಿಸಿದ್ದು. ಲೆನ್ ಹುಟ್ಟಿದ ವರ್ಷ ಸ್ಟ್ಯಾನ್ ಮನೆ ಮುಂದೆ ನೆಟ್ಟಿದ್ದ ಆ್ಯಶ್ ಮರವದು. ಜೀರುಂಡೆ ಹೊಕ್ಕು ತುದಿಯಿಂದ ಒಣಗುತ್ತ ಬಂದಿತ್ತು. ಹೋದ ಶರತ್ಕಾಲದಲ್ಲಿ ಅದನ್ನು ಸ್ಟ್ಯಾನೇ ನಿಂತು ಕಡಿಸಿ, ತಾನೇ ಸೀಳಿ ಇಟ್ಟಿದ್ದ. ಅವನು ಮಾಡಿದ ಕೊನೆಯ ಕೆಲಸ ಅದು.

"ದಿನಾ ಸಂಜೆ ಒಂದಿಷ್ಟು ಹಾಕಿ, ಅವನ ಜಾಗದಲ್ಲಿ ಹತ್ತು ದಿನ ಬೆಂಕಿ ಉರಿಸ್ಬೇಕು ಅಂತ ನನ್ನಾಸೆ," ಎಂದಳು ಬರ್ನಿಸ್. "ಒಣಗಿ ಕಡ್ಡಿ ಆಗಿದೆ ಐಲಿ. ಅದ್ರಲ್ಲಿ ಏನು ಬದುಕಿರತ್ತೆ?"

ಎಲ್ಲರೂ ಮಾಡುವ ತಪ್ಪು ಇದೇ. ಒಣಗಿದ ಸೌದೆ ಸತ್ತ ಸೌದೆ ಎಂದುಕೊಳ್ಳುತ್ತಾರೆ. ಆ ಹುಳಕ್ಕೆ ಮರ ಸತ್ತರೂ ಚಿಂತೆಯಿಲ್ಲ, ಚಳಿಗಾಲವೆಲ್ಲ ಒಳಗೇ ಮಲಗಿದ್ದು, ಬಿಸಿಲು ಬಲಿತ ಮೇಲೆ ಕೊರೆದುಕೊಂಡು ಹೊರಗೆ ಬರುತ್ತದೆ. ಬಿಸಿಲು ಆ ವಾರ ಚೆನ್ನಾಗಿಯೇ ಬಲಿತಿತ್ತು. ಒಂಬತ್ತನೇ ಜಾಗದಿಂದ ಮೊದಲನೇ ಆ್ಯಶ್ ಮರಕ್ಕೆ ಇಪ್ಪತ್ತು ಹೆಜ್ಜೆ.

ಐಲಿ ರೇಂಜರನಿಗೆ ಫೋನ್ ಮಾಡಿದಳು. ಆತ ಒಳ್ಳೆಯವನೇ, ಆದರೆ ರಜೆಯ ಗದ್ದಲದಲ್ಲಿ ನಾಲ್ಕು ಕ್ಯಾಂಪು ಒಬ್ಬನೇ ನೋಡಬೇಕಿತ್ತು. ಮಂಗಳವಾರ ಬಂದು ಒಯ್ಯುತ್ತೇನೆ, ಅಲ್ಲೀವರೆಗೆ ಮುಚ್ಚಿಡಿ, ಇಲ್ಲವೇ ಈಗಲೇ ಒಂದು ಚೂರೂ ಬಿಡದೆ ಸುಟ್ಟುಬಿಡಿ ಎಂದ. ನಾಲ್ಕು ದಿನ! ಐಲಿ ಫೋನ್ ಇಟ್ಟು ಬಂದಳು.

"ಇವತ್ತೇ ಸುಡ್ಬೇಕು. ಎಲ್ಲಾನೂ. ಸ್ಟ್ಯಾನ್ ಜಾಗದಲ್ಲೇ ಸುಡೋಣ, ಆದ್ರೆ ಇವತ್ತೇ."

"ಐವತ್ತಾರು ವರ್ಷ ಬಾಳಿದ್ದೀನಿ ಅವನ ಜೊತೆ," ಎಂದಳು ಬರ್ನಿಸ್. "ಒಂದೇ ದಿನಕ್ಕೆ ಮುಗಿಸ್ಬಿಡು ಅಂತೀಯ."

ಹೋದ ವರ್ಷದ ತನಕ ಪ್ರತಿ ಸಲ ಐಲಿಗೆ ಹೊಗೆ ಹಾಕಿದ ಸಾಸೇಜಿನ ಪೊಟ್ಟಣ ತಂದುಕೊಟ್ಟು, ಕೂರಿ ಎಂದು ತಪ್ಪದೆ ಕರೆಯುತ್ತಿದ್ದವನು ಸ್ಟ್ಯಾನ್. ಆದರೂ ಐಲಿ ತಲೆಯಾಡಿಸಿ, "ಹೂಂ ಬರ್ನಿಸ್. ಇವತ್ತೇ," ಎಂದಳು.

ಇಷ್ಟು ಹೊತ್ತಿಗೆ ಹನ್ನೆರಡನೇ ಜಾಗದ ಕೆಂಪು ಟೋಪಿಯವನು ಬಂದು ನಿಂತಿದ್ದ. ಬೆಳಿಗ್ಗೆ ಅವನ ಸೌದೆಯನ್ನು ಐಲಿ ಕಸಿದುಕೊಂಡಿದ್ದಳು.

"ಓಹೋ, ನಮ್ದಾದ್ರೆ ಕಿತ್ಕೊಳ್ಳೋದು, ಇವರದಾದ್ರೆ ಇಲ್ಲೇ ಸುಡೋದು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಹಳೇ ಗಿರಾಕಿಗೆ ಬೇರೆ ಕಾನೂನೇನ್ರಿ?"

"ಸರಿಯಾಗಿ ಹೇಳಿದ್ರಿ," ಎಂದಳು ಐಲಿ. "ನಿಮ್ಮದನ್ನೂ ತರ್ತೀನಿ, ಇದ್ರಲ್ಲೇ ಹಾಕೋಣ. ಕುರ್ಚಿ ಹೊತ್ಕೊಂಡು ಬನ್ನಿ. ಬರ್ತಾ ಎರಡು ಬಕೆಟ್ ನೀರೂ ತನ್ನಿ, ಬಾಯಿಗಿದ್ದಷ್ಟು ಬಲ ಕೈಗೂ ಇದೆಯೋ ನೋಡೋಣ."

ಆತ ಬಾಯಿ ಮುಚ್ಚಿಕೊಂಡು ಹೋದವನು ನಿಜಕ್ಕೂ ಎರಡು ಬಕೆಟ್ ನೀರು ಹೊತ್ತು ತಂದ. ಮೂರು ಗಂಟೆಗೆ ಲೆನ್ ಬೆಂಕಿ ಹಚ್ಚಿದ. ಐಲಿ ಸೈಕಲ್ಲು ಹತ್ತಿ ಇಡೀ ಕ್ಯಾಂಪು ಸುತ್ತಿ ಎಲ್ಲರಿಗೂ ಒಂದೇ ಮಾತು ಹೇಳಿಬಂದಳು: ಒಂಬತ್ತನೇ ಜಾಗದ ಸ್ಟ್ಯಾನ್‌ಗೆ ಇವತ್ತು ಬೆಂಕಿ, ಕುರ್ಚಿ ತನ್ನಿ. ಹಳಬರು ಬಂದರು, ಸ್ಟ್ಯಾನ್ ಯಾರೆಂದು ತಿಳಿಯದ ಹೊಸಬರೂ ಬಂದರು. ಕುರ್ಚಿಗಳ ಸಾಲು ಎರಡಾಯಿತು, ಮೂರಾಯಿತು. ಯಾರೋ ಜೋಳದ ತೆನೆ ತಂದರು, ಯಾರೋ ದೊಡ್ಡ ಬಾಣಲೆಯಲ್ಲಿ ಮೀನು ಹುರಿದರು. ಲೆನ್ ಅಪ್ಪನ ಹಸಿರು ಮಡಿಸುವ ಕುರ್ಚಿಯನ್ನು ಅಮ್ಮನ ಪಕ್ಕದಲ್ಲಿ ಬಿಡಿಸಿಟ್ಟ. ಸೀಟಿನ ಹರಕಿಗೆ ಸ್ಟ್ಯಾನ್ ಬೆಳ್ಳಿ ಬಣ್ಣದ ಪಟ್ಟಿ ಅಂಟಿಸಿದ್ದ. ಅದರಲ್ಲಿ ಯಾರೂ ಕೂರಲಿಲ್ಲ.

ಸತ್ತವನ ಗುಣಗಾನ ಎಷ್ಟು ಹೊತ್ತು ನಡೆದೀತು? ಹತ್ತು ನಿಮಿಷಕ್ಕೇ ಗೇಲಿ ಶುರುವಾಯಿತು. ಮೂವತ್ತು ವರ್ಷ ಅದೇ ಕೆಂಪು ಗಾಳ ಹಾಕಿ ಒಂದು ದೊಡ್ಡ ಮೀನೂ ಹಿಡಿಯಲಿಲ್ಲ ಎಂದು ಒಬ್ಬ. ಅವನು ಗೊರಕೆ ಹೊಡೆದರೆ ನೀರಿನ ಮೇಲಿನ ಲೂನ್ ಹಕ್ಕಿಗಳು ಜೋಡಿ ಕರೆಯಿತೆಂದು ಉತ್ತರ ಕೊಡುತ್ತಿದ್ದವು ಎಂದು ಇನ್ನೊಬ್ಬ. "ಹಕ್ಕಿಗೆ ಒಂದು ವಾರಕ್ಕೇ ಸಾಕಾಗ್ತಿತ್ತು," ಎಂದಳು ಬರ್ನಿಸ್, "ನಾನು ಐವತ್ತಾರು ವರ್ಷ ಉತ್ತರ ಕೊಟ್ಟೆ." ಬಂದಾಗಿನಿಂದ ಅವಳು ನಕ್ಕಿದ್ದು ಆಗಲೇ.

ಐಲಿ ಮಾತ್ರ ನಿಂತೇ ಇದ್ದಳು. ಒಂದೊಂದೇ ಸೀಳು ಎತ್ತಿ ಲೆನ್‌ನ ಕೈಗೆ ಕೊಡುವುದು, ಉದುರಿದ ತೊಗಟೆಯ ಚೂರನ್ನೆಲ್ಲ ಪೊರಕೆಯಲ್ಲಿ ಗುಡಿಸಿ ಬೆಂಕಿಗೆ ಹಾಕುವುದು. ಗಾಡಿಯ ಹಿಂಭಾಗವನ್ನು ಮೂಲೆ ಮೂಲೆ ಕೆರೆದಳು. ಏಳು ಗಂಟೆ ದಾಟಿತು, ನಮ್ಮ ಕಡೆ ಆ ತಿಂಗಳಲ್ಲಿ ಅದು ಇನ್ನೂ ಒಳ್ಳೆಯ ಬಿಸಿಲು. ಏಳೆಂಟು ಸೀಳು ಉಳಿದಿದ್ದವು. ಆಗ ಅವಳ ಕಣ್ಣು ಬರ್ನಿಸಳ ಚಪ್ಪಲಿಯ ಮೇಲೆ ಬಿತ್ತು. ಚಪ್ಪಲಿಯ ಮೇಲೆ ಸಣ್ಣ ಮರದ ಪುಡಿ. ಅವಳ ಮಡಿಲ ಮೇಲೆ ಕಂಬಳಿ.

ಐಲಿ ಅವಳ ಮುಂದೆ ಮೊಣಕಾಲೂರಿದಳು. "ಮಡಿಲಲ್ಲಿ ಏನೇ ಅದು?"

"ಸ್ಟ್ಯಾನ್," ಎಂದಳು ಬರ್ನಿಸ್. ಕಂಬಳಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಇದೊಂದು ಬಿಟ್ಬಿಡೆ. ನಿನ್ನ ಕಾಲಿಗೆ ಬೀಳ್ತೀನಿ. ಹಾಸಿಗೆ ಪಕ್ಕ ಇಟ್ಕೋತೀನಿ, ಒಂದೇ ಒಂದು."

ಕೆಂಪು ಟೋಪಿಯವನೂ ನೆಲ ನೋಡಿದ. ಐಲಿ ಎದ್ದು ತನ್ನ ಟ್ರೈಲರ್‌ಗೆ ಹೋಗಿ, ಎರಡೂ ಕಡೆ ಹಿಡಿಯಿರುವ ಉದ್ದನೆಯ ಕತ್ತಿ ತಂದಳು. ತೊಗಟೆ ಸುಲಿಯುವ ಆ ಕತ್ತಿ ಅವಳ ಗಂಡ ರೈನೋನದು. "ಕೊಡು. ಕಸ್ಕೊಳ್ಳಲ್ಲ. ತೊಗಟೆ, ಅದರಡಿ ಅರ್ಧ ಇಂಚು, ಹುಳ ಇರೋದು ಅಷ್ಟರಲ್ಲೇ. ಅದು ಹೋದ್ರೆ ಉಳಿದಿದ್ದು ಬರೀ ಸ್ಟ್ಯಾನು."

ಬರ್ನಿಸ್ ಅವಳ ಮುಖವನ್ನೇ ನೋಡಿ, ಕಂಬಳಿಯಡಿ ಬಚ್ಚಿಟ್ಟಿದ್ದ ಸೀಳನ್ನು ತೆಗೆದು ಕೊಟ್ಟಳು. ಐಲಿ ಬೆಂಕಿಯ ಅಂಚಿನಲ್ಲಿ ಸೀಳನ್ನು ಕಾಲಲ್ಲಿ ಒತ್ತಿ ಹಿಡಿದು ಕತ್ತಿ ಎಳೆದಳು. ತೊಗಟೆ ಹಾಳೆಯಾಗಿ ಎದ್ದಿತು. ಅದರ ಅಡಿಯಲ್ಲಿ ಮರದ ತುಂಬ ಅಂಕುಡೊಂಕು ದಾರಿಗಳು, ನುಣುಪು ಪುಡಿ ತುಂಬಿಕೊಂಡವು. ಇನ್ನೂ ಸ್ವಲ್ಪ ಆಳಕ್ಕೆ ಎಳೆದಾಗ ಒಂದು ಸಣ್ಣ ಗೂಡು ತೆರೆಯಿತು. ಒಳಗೆ ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದದ ಜೀರುಂಡೆ, ಕಡುಹಸಿರು, ರೇಷ್ಮೆ ಸೀರೆಯ ಅಂಚಿನ ಹಾಗೆ ಮಿನುಗುತ್ತಿತ್ತು. ಎಲ್ಲರೂ ಬಗ್ಗಿ ನೋಡಿದರು. ಅದು ಒಂದು ಕಾಲು ಆಡಿಸಿತು.

"ಬದುಕಿದೆ," ಎಂದ ಲೆನ್.

"ಇನ್ನೆರಡು ದಿನ ಬಿಸಿಲು ಬಿದ್ದಿದ್ರೆ ಹಾರ್ತಿತ್ತು," ಎಂದಳು ಐಲಿ.

ಬರ್ನಿಸ್ ಕೈ ಚಾಚಿ ಆ ತೊಗಟೆಯನ್ನೂ ಹೆರೆದ ಚೂರನ್ನೂ ತಾನೇ ಬಾಚಿಕೊಂಡು, ತಾನೇ ಬೆಂಕಿಗೆ ಎಸೆದಳು. ಉಳಿದ ತಿರುಳು ಮೊಳದುದ್ದ, ಬಿಳಿಯ, ಕಳಂಕವಿಲ್ಲದ ಮರ. ಐಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಗಿಯಲ್ಲಿ ಒರೆಸಿ ಅವಳ ಮಡಿಲಲ್ಲಿಟ್ಟಳು.

"ಇಷ್ಟೆಲ್ಲ ಎಲ್ಲಿ ಕಲಿತೆಯೇ ನೀನು?" ಎಂದು ಕೇಳಿದಳು ಬರ್ನಿಸ್.

ಐಲಿ ಕತ್ತಿಯ ಹಿಡಿಯನ್ನು ಸವರುತ್ತ ನಿಂತಳು. ಹದಿನಾಲ್ಕು ಬೇಸಿಗೆಯಲ್ಲಿ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ನಾನೂ ನಿಮ್ಮ ಕಡೆಯೋಳೇ ಕಣೆ. ಮೂವತ್ತು ವರ್ಷ ಅಲ್ಲಿ ಶಾಲೆ ಅಡುಗೆಮನೇಲಿ ದುಡಿದೆ, ರೈನೋ ಕಾರ್ಖಾನೇಲಿ. ಹಿತ್ತಲಲ್ಲಿದ್ದ ಆ್ಯಶ್ ಮರ ಯಾಕೋ ಒಣಗ್ತು. ಯಾಕೆ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ. ಕಡಿದು, ಎರಡು ವರ್ಷ ಕಾರಿನ ಡಿಕ್ಕಿ ತುಂಬ ತುಂಬ್ಕೊಂಡು ನಾವು ಹೋಗ್ತಿದ್ದ ಕ್ಯಾಂಪಿಗೆ ಒಯ್ದ್ವಿ. ಅದೂ ಸರೋವರದ ದಡ, ಹಿಂಗೇ ನೆರಳು. ಐದು ವರ್ಷ ಬಿಟ್ಟು ಹೋದ್ರೆ ಒಂದು ಮರ ಇರ್ಲಿಲ್ಲ. ಬರೀ ಬುಡ. ರೈನೋ ಕಾರಿಂದ ಇಳೀಲೇ ಇಲ್ಲ. ನಮ್ಮ ಸೌದೆಯಿಂದ್ಲೇ ಆಯ್ತೋ, ಬೇರೆಯೋರದ್ರಿಂದ ಆಯ್ತೋ, ಯಾರು ಹೇಳ್ತಾರೆ? ಸಾಯೋ ತನಕ ಅವನು ಮತ್ತೆ ಬೆಂಕಿ ಮುಂದೆ ಕೂರ್ಲಿಲ್ಲ."

"ಅದಕ್ಕೆ ನೀನೂ ಕೂರಲ್ಲ."

ಐಲಿ ಜೌಗಿನ ಕಡೆ ತಿರುಗಿದಳು. ಉತ್ತರದ ದಡದಲ್ಲಿ ಆ್ಯಶ್ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಎಲ್ಲ ಮರಗಳಿಗಿಂತ ತಡವಾಗಿ ಚಿಗುರುವ ಜಾತಿ ಅದು.

"ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?" ಎಂದಳು ಬರ್ನಿಸ್.

"ಇಲ್ಲ."

"ನಮಗೆ ಗೊತ್ತಿತ್ತು. ಗೊತ್ತಿದ್ದೂ ಕಂಬಳಿ ಮುಚ್ಚಿ ತಂದ್ವಿ. ಅಂಥ ನಾನೇ ಗಟ್ಟಿಯಾಗಿ ಕೂತಿದ್ದೀನಿ, ನಿನಗೇನೇ ದಾಡಿ?" ಅವಳು ಪಕ್ಕದ ಹಸಿರು ಕುರ್ಚಿಯನ್ನು ಕೈಯಲ್ಲಿ ತಟ್ಟಿದಳು. "ಹದಿನಾಲ್ಕು ವರ್ಷ ಕರೆದೂ ಕರೆದೂ ಸತ್ತ ನನ್ನ ಗಂಡ. ಕೂರು."

"ಅದು ಸ್ಟ್ಯಾನ್‌ದು."

"ಅವನು ಏಳಲ್ಲ, ಕೂರಲ್ಲ. ಇನ್ನೂ ಏಳೆಂಟು ಸೀಳಿದೆ, ಎಷ್ಟು ಹೊತ್ತು ನಿಂತಿರ್ತೀಯ?"

ಐಲಿ ಕತ್ತಿಯನ್ನು ಲೆನ್‌ನ ಕೈಗೆ ಕೊಟ್ಟಳು. ಪೊರಕೆಯನ್ನು ಮರಕ್ಕೆ ಒರಗಿಸಿದಳು. ಆಮೇಲೆ, ಬೆಂಕಿ ಆರಿದೆಯೋ ಇಲ್ಲವೋ ಎಂದು ನೋಡುವಾಗಿನ ಹಾಗೆ, ಹಿಂಗೈಯನ್ನು ಸೀಟಿನ ಮೇಲೆ ಒಮ್ಮೆ ಇಟ್ಟು ನೋಡಿ, ಕೂತಳು.