ಮೊಲದ ಮರಿಗೆ ಎಣ್ಣೆ ನೀರು

ಗೆಳೆಯರೇ, ನಡೆದದ್ದು ಕೇಳಿ. ನಿನ್ನೆ ತಂದ ಮೊಲದ ಮರಿ ಇವತ್ತು ಬೆಳಿಗ್ಗೆ ಬುಟ್ಟಿಯಲ್ಲಿ ಇರಲಿಲ್ಲ. ಹುಡುಕುತ್ತ ಬಚ್ಚಲಿಗೆ ಹೋದರೆ, ತಂಬ್ರಹಳ್ಳಿಯ ಎಳೆಗೂಸುಗಳಿಗೆಲ್ಲ ನೀರೆರೆಯುವ ನಮ್ಮ ಅಜ್ಜಿ ಕಾಲು ಚಾಚಿ ಕುಳಿತಿದ್ದಾಳೆ. ಕಾಲ ಮೇಲೆ ಮರಿಯನ್ನು ಅಂಗಾತ ಮಲಗಿಸಿಕೊಂಡು ಹೊಟ್ಟೆಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಾಳೆ! ಅದು ಮಿಸುಕುತ್ತಲೇ ಇಲ್ಲ.

“ಅಯ್ಯೋ ಅಜ್ಜಿ, ಸತ್ತೇ ಹೋತಲ್ಲ!”

“ಬಿಡ್ತು ಅನ್ನು. ಎಣ್ಣಿ ಬಿದ್ದ ಕೂಡ್ಲೇ ನಿದ್ದಿ ಹತ್ತೇತಿ. ನೀ ಕೂಸಿದ್ದಾಗ ಹಿಂಗ ಸುಮ್ನ ಮಲಗ್ತಿದ್ದೇನು? ಊರು ಕೇಳಂಗ ಅಳ್ತಿದ್ದಿ!”

ಕಸಿದುಕೊಂಡು ನೆಲಕ್ಕಿಟ್ಟೆ. ಸತ್ತ ಮರಿ ಚಂಗನೆ ನೆಗೆದು, ಜಾರುತ್ತ ಓಡಿ ಕೋಣೆಯ ಮಂಚದ ಕೆಳಗೆ ಸೇರಿತು.

ಈಗ ಅದೇ ಕೋಣೆಯ ಚಿಲಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಅಜ್ಜಿ ಲೋಬಾನ ಹಾಕಿದ ಕೆಂಡದ ತಟ್ಟೆ ಹಿಡಿದು ನಿಂತಿದ್ದಾಳೆ: “ಬಾಗ್ಲಾ ತಗಿಯಲೇ, ಕೂಸಿಗೆ ಹೊಗಿ ಹಾಕ್ಬೇಕು!”