ಮೀಸೆ ಮೀನಿಗೆ ಜೊತೆ ಕೊಟ್ಟವರು

ಮೊಮ್ಮಗಳು ಮೀನಿನ ಕಾಳಿನ ಡಬ್ಬಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. "ಮೂಸಿ ನೋಡಜ್ಜಿ, ಹೆಂಗಿದೆ?" ಒಣಗಿದ ಸೀಗಡಿಯ ವಾಸನೆ... ನಮ್ಮ ಮನೆತನದಲ್ಲಿ ಬೇರೆ ಯಾರಾದರೂ ಆಗಿದ್ದರೆ ಮುಖ ತಿರುಗಿಸುತ್ತಿದ್ದರು. ನನಗೋ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಶಿವಮೊಗ್ಗದ ದುರ್ಗಿಗುಡಿಯ ಆ ಕಿರಿದಾದ ಅಂಗಡಿ, ಗಾಜಿನ ತೊಟ್ಟಿಗಳ ಹಸಿರು ಬೆಳಕು, ಗುಳುಗುಳು ಎನ್ನುವ ನೀರು, ನಡುವೆ ಮೊಣಕೈವರೆಗೂ ಒದ್ದೆಯಾದ ಮೀನಿನಂಗಡಿಯವರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಅಭ್ಯಾಸವಿಲ್ಲ. ಆದರೆ ಈ ವಾರ ಮನಸ್ಸು ತುಂಬಿ ಚೆಲ್ಲುತ್ತಿದೆ, ಬರೆಯದೆ ಇರಲಾರೆ.

ಆಗ ನಾವು ಭದ್ರಾವತಿಯಲ್ಲಿದ್ದೆವು. ಎಂಟು ವರ್ಷದ ಮಗಳು ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಳು. ಆಟವಿಲ್ಲ, ಸ್ಕೂಲಿಲ್ಲ. ಬೇಜಾರು ಕಳೆಯಲಿ ಎಂದು ಅವರಪ್ಪ ಆ ಅಂಗಡಿಯಿಂದ ಒಂದು ಕ್ಯಾಟ್‌ಫಿಶ್ ತಂದರು. ಉದ್ದ ಮೀಸೆ, ಅಗಲ ಬಾಯಿ, ತೊಟ್ಟಿಯ ತಳದಲ್ಲಿ ಊಟವಾದ ಯಜಮಾನರ ಹಾಗೆ ಮಲಗಿರುತ್ತಿತ್ತು. ಮಗಳು ಗಂಜಿ ಕುಡಿಯುತ್ತಿದ್ದದ್ದೂ ಅದರ ಎದುರಿಗೇ. ಒಂದು ದಿನ, "ಅಮ್ಮ, ಇದಕ್ಕೂ ನನ್ನ ಥರ ಯಾರೂ ಇಲ್ಲ. ಒಂದು ಜೊತೆ ತಂದ್ಕೊಡು" ಎಂದಳು.

ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಹೆಬ್ಬೆರಳಿನಷ್ಟಿದ್ದ ನಾಲ್ಕು ಚಿನ್ನದ ಬಣ್ಣದ ಮೀನು ತೋರಿಸಿದೆ. ಅಂಗಡಿಯವರು ಬಲೆ ಎತ್ತಲೇ ಇಲ್ಲ.

"ಬೇಡಮ್ಮ. ಅದು ಬೇಟೆ ಮೀನು. ಬಾಯೊಳಗೆ ತೂರೋದನ್ನೆಲ್ಲ ನುಂಗ್ಬಿಡ್ತದೆ."

"ನಮ್ದು ಲಿಂಗ ಕಟ್ಟೋ ಮನೆ ಕಣಣ್ಣ. ಮೊಟ್ಟೆ ಕೂಡ ಒಳಗೆ ಬರಲ್ಲ. ಚಪಾತಿ ಹಿಟ್ಟು ಹಾಕೇ ಸಾಕಿದೀನಿ, ಅದಕ್ಕೆ ಆ ರೂಢಿಯೇ ತಪ್ಪಿದೆ."

ಅವರು ಹೊಟ್ಟೆ ಹಿಡಿದು ನಕ್ಕರು. "ಬೇರೆ ಏನೂ ಸಿಗದೆ ಹಿಟ್ಟು ತಿಂತಿದೆ ತಾಯಿ. ದೀಕ್ಷೆ ತಗೊಂಡಿಲ್ಲ ಅದು!"

ನನಗೆ ಸಿಟ್ಟು ಬಂತು. ಭದ್ರಾವತಿಗೆ ವಾಪಸು ಬಂದು, ಬೇರೆ ಅಂಗಡಿಯಲ್ಲಿ ಅಂಥವೇ ನಾಲ್ಕು ಕೊಂಡು ತೊಟ್ಟಿಗೆ ಬಿಟ್ಟೆ. "ನಮ್ಮನೆ ಮೀನು ಏನೂ ಮಾಡಲ್ಲ" ಎಂದು ಮಗಳಿಗೆ ಆಣೆ ಇಟ್ಟು ಹೇಳಿದೆ. ಬೆಳಗ್ಗೆ ನೋಡಿದರೆ ತೊಟ್ಟಿಯಲ್ಲಿ ಒಂದೇ ಮೀನು. ಹೊಟ್ಟೆ ನಿಂಬೆಹಣ್ಣಿನಂತೆ ಉಬ್ಬಿತ್ತು.

ಮಗಳು ಅಳಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಗೋಡೆಗೆ ಮುಖ ಮಾಡಿ ಮಲಗಿದಳು. ನನ್ನ ಕೈಯಿಂದ ಗಂಜಿ ಬೇಡ, ಔಷಧಿ ಬೇಡ. "ನೀನು ಸುಳ್ಳು ಹೇಳ್ದೆ. ಅದನ್ನ ಹೊಳೆಗೆ ಎಸಿ."

ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಮತ್ತೆ ಶಿವಮೊಗ್ಗಕ್ಕೆ ಹೋಗಿ ಆ ಅಂಗಡಿಯವರ ಮುಂದೆ ನಿಂತು ಅತ್ತೆ. ಈ ಸಲ ಅವರು ನಗಲಿಲ್ಲ. ಅಂಗಡಿಯ ಬಾಗಿಲು ಎಳೆದು ನನ್ನ ಜೊತೆಗೇ ಬಸ್ಸು ಹತ್ತಿದರು. ಅವರ ಮಡಿಲಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ರೊಟ್ಟಿಯಂತೆ ಚಪ್ಪಟೆಯಾದ, ಬೆಳ್ಳಿಯಂತೆ ಹೊಳೆಯುವ ಮೂರು ಮೀನು. ಮಾಚೇನಹಳ್ಳಿ ದಾಟುವಾಗ ಬಿಸಿಲು ಚೀಲದ ಮೇಲೆ ಬಿದ್ದು, ಬಸ್ಸಿನ ಒಳಗೆಲ್ಲ ಬೆಳಕು ಈಜಾಡಿತು. ಜನರ ಮುಖದ ಮೇಲೆ, ಸೀಟಿನ ಮೇಲೆ, ನನ್ನ ಕೈಮೇಲೆ... ಆ ಬಸ್ಸು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ.

ಮನೆಗೆ ಬಂದವರೇ ಮಗಳ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು. "ತಪ್ಪು ನಂದು ಪುಟ್ಟಿ. ನಿಮ್ಮಮ್ಮಂಗೆ ನಾನು ಸರಿಯಾಗಿ ಹೇಳ್ಲೇ ಇಲ್ಲ" ಎಂದರು.

ನಾನು ಬಾಗಿಲ ಬಳಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

"ನಿನ್ನ ಮೀಸೆ ಮೀನಿಗೆ ಕೋಪ ಇಲ್ಲ, ಹಗೆ ಇಲ್ಲ. ಬಾಯೊಳಗೆ ಹೋಗೋದು ಅದಕ್ಕೆ ಊಟ, ಹೋಗದೆ ಇರೋದು ಗೆಳೆಯ. ಗೆಳೆಯನ್ನ ಹುಡುಕುವಾಗ ಇವತ್ತಿನ ಬಾಯಿ ನೋಡ್ಬೇಡ, ಬರೋ ವರ್ಷದ ಬಾಯಿ ನೋಡು. ಇವನ ಮೀಸೆ ಎಳೆಯೋ ತುಂಟರೂ ಬೇಡ. ಇವನು ತಳದಲ್ಲಿರೋನು, ಇವರು ಮೇಲೆ ಈಜೋರು, ಜಾಗಕ್ಕೆ ಜಗಳ ಇಲ್ಲ. ಎಲ್ಲಿ, ಅವನ ಬಾಯಿ ಎಷ್ಟಗಲ, ಅಳತೆ ಹಿಡಿ."

ಮಗಳು ಎದ್ದು ಕೂತಳು. ಗಾಜಿನ ಮೇಲೆ ಎರಡು ಬೆರಳಿಟ್ಟಳು. ಮಧ್ಯಾಹ್ನ ನನ್ನ ಕೈಯಿಂದಲೇ ಗಂಜಿ ಕುಡಿದಳು...

ಆ ಮಗಳು ಈಗ ಇರುವುದು ಶಿವಮೊಗ್ಗದಲ್ಲೇ; ನಾನೂ ಎಷ್ಟೋ ವರ್ಷದಿಂದ ಅವಳ ಜೊತೆಗಿದ್ದೇನೆ. ಈ ವಾರ ಮೊಮ್ಮಗಳು ತನ್ನ ಕ್ಯಾಟ್‌ಫಿಶ್‌ಗೂ ಜೊತೆ ಬೇಕೆಂದಾಗ ಮೂವರೂ ಆ ಅಂಗಡಿಗೇ ಹೋದೆವು. ಅಲ್ಲಿ ಅವರ ಸೊಸೆ ಕೂತಿದ್ದರು. "ಮಾವ ಹೋಗಿ ಎರಡು ವರ್ಷ ಆಯ್ತಮ್ಮ" ಎಂದರು.

ಅಂದು ಅಂಥವೇ ಬೆಳ್ಳಿ ಮೀನು ತಂದು ತೊಟ್ಟಿಗೆ ಬಿಟ್ಟೆವು. ಮಾರನೆಯ ಬೆಳಗ್ಗೆ ಮೊಮ್ಮಗಳು ತೊಟ್ಟಿಯ ಮುಂದಿನಿಂದಲೇ ಕೂಗಿದಳು, "ಎಲ್ಲರೂ ಇದಾರಜ್ಜಿ! ಎಲ್ಲರೂ ಇದಾರೆ!" ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. ಆ ಖುಷಿಯನ್ನು ಎಲ್ಲಿಡಲಿ ಎಂದು ನನಗೆ ತಿಳಿಯಲಿಲ್ಲ. ಮಗಳು ನಗುತ್ತ, "ನನ್ನ ಕಾಲದಲ್ಲಿ ನಾಲ್ಕೂ ಹೋದ್ವು ಪುಟ್ಟಾ. ಅಂಗಡಿಯವರು ಅಜ್ಜಿಗೆ ಸರಿಯಾಗಿ ಹೇಳಿರ್ಲಿಲ್ಲ" ಎಂದಳು. ಇಷ್ಟು ವರ್ಷವೂ ಅವಳು ಹೇಳಿಕೊಂಡು ಬಂದಿರುವುದು ಹಾಗೆಯೇ.

"ಹೇಳಿದ್ರು ಕಣೆ" ಎಂದೆ. "ನಾನೇ ಕೇಳ್ಲಿಲ್ಲ. ನಿನ್ನ ಮುಂದೆ ನನ್ನ ಮಾನ ಉಳೀಲಿ ಅಂತ ಅವರು ಹಂಗಂದ್ರು."

ಮಗಳು ನನ್ನನ್ನೇ ನೋಡಿದಳು. "ಇಷ್ಟು ವರ್ಷ ಸುಮ್ನಿದ್ಯಲ್ಲ ಮಾರಾಯ್ತಿ!" ಎಂದು ನಗಲು ಹೋಗಿ ಕಣ್ಣೊರೆಸಿಕೊಂಡಳು.

ಅವರು ಬದುಕಿದ್ದಾಗ ತರಕಾರಿ ಚೀಲ ಹಿಡಿದು ಆ ಅಂಗಡಿಯ ಮುಂದೆ ಎಷ್ಟು ಸಲ ಹಾದುಹೋಗಿದ್ದೇನೋ... ಒಂದು ಸಲ ಮಗಳನ್ನು ಕರೆದುಕೊಂಡು ಹೋಗಿ, ಅವರ ಎದುರಿಗೇ ಈ ಮಾತು ಹೇಳಬೇಕಿತ್ತು.