ಹೊಸ ಹಾಡುಗಾರನ ಕ್ಯಾಸೆಟ್

ಕಡಲತೀರದ ತ್ರಾಸಿಯಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಬಹಳ ವರ್ಷ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು ಊರಿಗೆ ಬಂದವರು. ಯಾವುದೋ ದೂರದ ಬಂದರಿನಲ್ಲಿ ಕೇಳಿದ ವಿದೇಶಿ ರಾಕ್ ಬ್ಯಾಂಡೊಂದನ್ನು ಅವರು ಬಲು ಹಚ್ಚಿಕೊಂಡಿದ್ದರು. ಸಂಜೆ ಕಡಲ ಗಾಳಿಗೆ ಜಗಲಿಯಲ್ಲಿ ಕಣ್ಣುಮುಚ್ಚಿ ಕೂತು ಅದರ ಹಾಡು ಕೇಳುವಾಗ ಅವರ ಬೆರಳುಗಳು ಇಲ್ಲದ ತಂತಿಯನ್ನು ಮೀಟುತ್ತಿದ್ದವು. ಯಾರಾದರೂ ಬಾಯಿ ತೆರೆದರೆ, "ಹ್ವಾಯ್, ತಡೀರಿ, ಈಗ ಗಿಟಾರ್ ಬತ್ತ್" ಎನ್ನುತ್ತಿದ್ದರು.

ಆ ಬ್ಯಾಂಡಿನ ಹಾಡುಗಾರ ತೀರಿಕೊಂಡ. ಉಳಿದ ಮುದುಕರು ಹೊಸಬನೊಬ್ಬನನ್ನು ಸೇರಿಸಿಕೊಂಡು ಮತ್ತೆ ಕ್ಯಾಸೆಟ್ ತಂದರು. ಅದನ್ನು ಮುಂಬೈಯಿಂದ ಇವರ ತಮ್ಮ ಕಳಿಸಿಕೊಟ್ಟರೂ ಇವರು ಬಿಚ್ಚಲೇ ಇಲ್ಲ.

"ಅವ್ನಿಲ್ದೆ ಅದೆಂತ ಬ್ಯಾಂಡ್?"

ಒಂದು ಸಂಜೆ ಅವರು ತೂಕಡಿಸುತ್ತಿದ್ದಾಗ ಹೆಂಡತಿ ಅದನ್ನೇ ಟೇಪಿಗೆ ಹಾಕಿದರು. ನಾನೂ ಅಲ್ಲೇ ಕೂತಿದ್ದೆ. ಮುಚ್ಚಿದ ಕಣ್ಣು ತೆರೆಯುವ ಮೊದಲೇ ಅವರ ಪಾದ ತಾಳ ಹಿಡಿಯಿತು.

"ಇದ್ ಯಾರ್ದ್ ಮಾರಾಯ್ತಿ?"

"ನಿಮ್ಮ ಬ್ಯಾಂಡಿಂದೇ. ಹೊಸಬ ಹಾಡುದ್."

ಹಾಡು ಮುಗಿಯುವವರೆಗೂ ಅವರು ಪಾದದ ತಾಳ ನಿಲ್ಲಿಸಲಿಲ್ಲ.

"ಇನ್ನೊಂದ್ ಸಲ ಹಾಕ್."

"ಹಳೇದರಷ್ಟ್ ಚಂದ ಇತ್ತಾ?" ಹೆಂಡತಿ ಕೇಳಿದರು.

"ಅದ್ ಹೇಳುಕೆ ಇಪ್ಪತ್ತ್ ವರ್ಷ ಬೇಕ್. ಅಲ್ಲಿವರೆಗೆ ನಾನ್ ಇಪ್ಪುದಿಲ್ಲ. ನೀನ್ ಕೇಳ್ಕಂಡ್ ಇರ್."

ಅವರು ಹೋದ ಎಷ್ಟೋ ವರ್ಷಗಳ ಮೇಲೂ ಬೇಲಿಯಾಚೆ ಅವರ ಹೆಂಡತಿ ಮೀನು ಕೊಯ್ಯುತ್ತಾ ಹೊಸಬನ ಹಾಡು ಗುನುಗುವುದು ಕೇಳಿಸುತ್ತಿತ್ತು. ಮಾತು ಯಾವ ಭಾಷೆಯದೂ ಅಲ್ಲ. ರಾಗ ಮಾತ್ರ ಎಲ್ಲಿಯೂ ತಪ್ಪುತ್ತಿರಲಿಲ್ಲ.